ಮೊಟ್ಟೆಯ ಬಿಳಿಯ ಒಂದು ತೊಟ್ಟು

ಹೊಳೆದಂಡೆಯ ಸಂಶೋಧನಾಲಯವೊಂದರಲ್ಲಿ ವಾರಿಜಾ ಮೇಡಂ ಎಂಬ ಗುರುವಿದ್ದರು. ಅವರ ಕೈಕೆಳಗೆ ಚನ್ನವೀರ ಕಲಿಯುತ್ತಿದ್ದ.

ಫ್ಲೂ ವೈರಸ್ಸು ಕಂಡರೆ ಹೋಗಿ ಅಂಟಿಕೊಳ್ಳುವ ಒಂದು ಪ್ರತಿಕಾಯವನ್ನು ಅವನು ಆ ವೈರಸ್ಸು ಚುಚ್ಚಿದ ಇಲಿಗಳ ಜೀವಕೋಶಗಳಿಂದ ತಯಾರಿಸಿದ್ದ. ಪರೀಕ್ಷೆಯ ತಟ್ಟೆಯ ಪುಟ್ಟ ಗುಳಿಗಳಿಗೆ ಅದನ್ನು ಬಿಟ್ಟಾಗ, ಗುಳಿಯಲ್ಲಿ ವೈರಸ್ಸಿದ್ದರೆ ನೀರು ಅರಿಶಿನದ ಬಣ್ಣಕ್ಕೆ ತಿರುಗಬೇಕು, ಇಲ್ಲದಿದ್ದರೆ ತಿಳಿಯಾಗೇ ಉಳಿಯಬೇಕು. ಅಷ್ಟೇ ಆಟ.

ಅವತ್ತು ಫ್ಲೂ ಹಾಕಿದ ಗುಳಿಗಳೆಲ್ಲ ಹಳದಿ! ಚನ್ನವೀರನ ಕಾಲು ನೆಲದ ಮೇಲಿರಲಿಲ್ಲ. ಬೇರೆ ಊರುಗಳ ಸಂಶೋಧಕರು ಇದಕ್ಕಾಗಿ ಕಾಯುತ್ತಿದ್ದರು. ಅವರಿಗೆ ಕಳಿಸಲು ಐಸ್ ತುಂಬಿದ ಪೆಟ್ಟಿಗೆಗಳ ಮೇಲೆ ತನ್ನ ಹೆಸರನ್ನೂ ಅಂಟಿಸಿ ಸಿದ್ಧವಾಗಿಟ್ಟಿದ್ದ. ಮೇಡಂ ಹೂಂ ಅನ್ನುವುದೊಂದೇ ಬಾಕಿ.

ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಯಾವುದಕ್ಕೆ ಒಲ್ಲೆ ಅನ್ನುತ್ತಪ್ಪಾ?"

ಬರೀ ಉಪ್ಪುನೀರು ಹಾಕಿದ ಗುಳಿ ತಿಳಿಯಾಗೇ ಇದೆಯಲ್ಲ ಎಂದು ಅವನು ತೋರಿಸಿದ.

ಮೇಡಂ ಕ್ಯಾಂಟೀನಿಗೆ ಹೋಗಿ ಒಂದು ಕೋಳಿಮೊಟ್ಟೆ ತಂದರು. ಮೇಜಿನ ಅಂಚಿಗೆ ಕುಟ್ಟಿ, ಬಿಳಿಯ ಒಂದು ತೊಟ್ಟನ್ನು ಉಪ್ಪುನೀರಲ್ಲಿ ಕದಡಿ, ಇದನ್ನೂ ಒಮ್ಮೆ ನೋಡಿಬಿಡು ಎಂದು ಅವನ ಕೈಗೆ ಕೊಟ್ಟರು.

ಸಂಜೆ ಹೊತ್ತಿಗೆ ಆ ಗುಳಿಯೂ ಹಳದಿಯಾಯಿತು.

ಅಯ್ಯೋ ಶಿವನೇ, ವೈರಸ್ಸನ್ನು ಬೆಳೆಸಿದ್ದು ಕೋಳಿಮೊಟ್ಟೆಯೊಳಗೇ ಅಲ್ಲವೇ! ಇಲಿಗಳಿಗೆ ಚುಚ್ಚಿದಾಗ ವೈರಸ್ಸಿನ ಬೆನ್ನಿಗೆ ಮೊಟ್ಟೆಯ ಅಂಶವೂ ಹೋಗಿತ್ತು; ಪ್ರತಿಕಾಯ ಹಿಡಿಯುತ್ತಿದ್ದದ್ದು ಅದನ್ನೇ. ಮೊಟ್ಟೆ ಮುಟ್ಟದ ಮನೆಯ ಹುಡುಗ, ವರ್ಷಗಟ್ಟಲೆ ಬೆವರು ಸುರಿಸಿ ಮೊಟ್ಟೆಯನ್ನೇ ಕಂಡುಹಿಡಿದಿದ್ದ.

ಪೆಟ್ಟಿಗೆಗಳನ್ನು ಏನು ಮಾಡಬೇಕೆಂದು ಮೇಡಂ ಹೇಳಲಿಲ್ಲ, ಚಹಾ ಕುಡಿಯಲು ಹೊರಟುಹೋದರು. ಅವರು ವಾಪಸು ಬರುವಷ್ಟರಲ್ಲಿ ಚನ್ನವೀರ ಎಲ್ಲವನ್ನೂ ಬಿಚ್ಚಿಹಾಕಿದ್ದ. ಕಾಯುತ್ತಿದ್ದವರಿಗೆಲ್ಲ ತಾನೇ ಫೋನು ಮಾಡಿ, ತಪ್ಪು ನನ್ನದು, ಇನ್ನಷ್ಟು ಕಾಯಿರಿ ಎಂದಿದ್ದ.

ಆಮೇಲೆ ಫ್ರೀಜರಿನಲ್ಲಿ ಕಾಪಿಟ್ಟಿದ್ದ ಜೀವಕೋಶಗಳನ್ನು ಮೊದಲಿಂದ ಜಾಲಾಡಿದ. ಮೊಟ್ಟೆಗೆ ಮರುಳಾಗುವ ಪ್ರತಿಕಾಯ ಕೊಟ್ಟದ್ದನ್ನೆಲ್ಲ ಎಸೆದ. ಮಳೆಗಾಲ ಮುಗಿದು ಚಳಿ ಬಿತ್ತು. ಕೊನೆಗೊಂದು ಉಳಿಯಿತು.

ಅದನ್ನು ನೋಡಲು ಪರಊರಿನ ಹಿರಿಯ ವಿಜ್ಞಾನಿಯೊಬ್ಬರು ಬಂದರು. ಚನ್ನವೀರ ಎಲ್ಲಕ್ಕಿಂತ ಮೊದಲು ಕೋಟಿನ ಜೇಬಿನಿಂದ ತೆಗೆದದ್ದು ಕ್ಯಾಂಟೀನಿನ ಮೊಟ್ಟೆ. ಯಾರೂ ಕೇಳಿರಲಿಲ್ಲ. ಬಂದವರೆದುರೇ ಅದನ್ನು ಒಡೆದು, ಬಿಳಿಯ ತೊಟ್ಟನ್ನು ತಟ್ಟೆಗೆ ಸೇರಿಸಿದ.

ಮಧ್ಯಾಹ್ನ ತಟ್ಟೆ ಹೊರಗೆ ತೆಗೆದಾಗ ಮೊಟ್ಟೆಯ ಗುಳಿ ತಿಳಿಯಾಗಿತ್ತು. ನೆಗಡಿ ತರುವ ಬೇರೆ ವೈರಸ್ಸುಗಳ ಗುಳಿಗಳೂ ತಿಳಿ. ಫ್ಲೂ ಗುಳಿಗಳು ಮಾತ್ರ ಅಪ್ಪಟ ಅರಿಶಿನ. ಮೇಡಂ ಮುಖ ಹೆಮ್ಮೆಯಿಂದ ಅರಳಿದ್ದನ್ನು ಚನ್ನವೀರ ಅವತ್ತೇ ಮೊದಲು ಕಂಡದ್ದು.

ಇದು ಎಷ್ಟು ಬಗೆಯ ಫ್ಲೂ ಹಿಡಿಯುತ್ತದೆ ಎಂದು ಬಂದವರು ಮೇಡಂ ಅವರನ್ನು ಕೇಳಿದರು.

ಮೇಡಂ ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

"ಹಿಡಿಯೋದನ್ನ ಯಾರು ಬೇಕಾದ್ರೂ ತೋರಿಸ್ತಾರೆ ಸಾರ್. ಹಿಡಿಯದೇ ಇರೋದನ್ನ ಮೊದಲು ತೋರಿಸಿದವನು ನನ್ನ ಹುಡುಗ."