ನಾಲ್ಕು ಪದರದ ಆಚೆಯ ಕೆಂಪು

“ಬುದ್ಧಿ, ಯಾರೂ ಹೋಗಿ ಬರದ ಜಾಗ ಇಷ್ಟೇ ದೂರ ಅಂತ ಹೇಗೆ ಹೇಳುತ್ತಾರೆ?” ಎಂದು ಮಾದಯ್ಯ ತನ್ನ ಗುರುವನ್ನು ಕೇಳಿದ.

ಮಠಕ್ಕೆ ಬಂದಿದ್ದ ಮೇಷ್ಟ್ರೊಬ್ಬರು ಹಿಂದಿನ ರಾತ್ರಿ ಅವನಿಗೆ ಆಕಾಶದಲ್ಲಿ ಒಂದು ಮಸುಕು ಮಚ್ಚೆ ತೋರಿಸಿದ್ದರು. ಅದು ಮೋಡವಲ್ಲ, ಗೆಲಾಕ್ಸಿ, ಎಣಿಸಲಾಗದಷ್ಟು ನಕ್ಷತ್ರಗಳ ಊರು ಎಂದಿದ್ದರು. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಇಪ್ಪತ್ತೈದು ಲಕ್ಷ ವರ್ಷ ಬೇಕು ಎಂದಿದ್ದರು. ಅಲ್ಲಿನ ಮುದಿ ನಕ್ಷತ್ರಗಳ ಕೆಂಪು ನೋಡಿ ಆ ದೂರ ಅಳೆದಿದ್ದಾರೆ ಎಂದೂ ಹೇಳಿದ್ದರು. ಮಾದಯ್ಯನಿಗೆ ನಿದ್ದೆ ಬಂದಿರಲಿಲ್ಲ.

“ಕೆಂಪು ನೋಡಿದರೆ ದೂರ ತಿಳಿಯುತ್ತದೆಯೇ ಬುದ್ಧಿ? ಮೇಷ್ಟ್ರು ನನಗೆ ಟೋಪಿ ಹಾಕಿದರು.”

ಗುರು ನಕ್ಕರು. “ಕೂತುಕೋ. ಒಬ್ಬ ಕುಂಬಾರನ ಕತೆ ಹೇಳುತ್ತೇನೆ” ಎಂದರು.

ಒಂದು ಹೊಳೆ. ಈಚೆ ದಡದಲ್ಲಿ ಒಬ್ಬ ಕುಂಬಾರ. ಅವನ ಹೆಂಡತಿಯ ತವರು ಆಚೆ ದಡದಲ್ಲಿ. ಅವರೂ ಕುಂಬಾರರೇ. ಆದರೆ ಒಂದು ಕಡೆ ನಿಲ್ಲುವವರಲ್ಲ. ಆಚೆ ಮೈಲಿಗಟ್ಟಲೆ ಬಯಲು, ಒಂದು ಮರವಿಲ್ಲ. ಯಾವ ವರ್ಷ ಎಲ್ಲಿ ಮಣ್ಣು ಚೆನ್ನಾಗಿದೆಯೋ ಅಲ್ಲಿ ಗುಡಿಸಲು ಹಾಕುತ್ತಿದ್ದರು. ಅಲ್ಲೇ ಆವಿಗೆ ಕಟ್ಟಿ ಮಡಕೆ ಸುಡುತ್ತಿದ್ದರು.

ಆ ಜನರಲ್ಲಿ ಒಂದು ಪದ್ಧತಿ ಇತ್ತು. ಮಗಳನ್ನು ಕೊಡುವಾಗ ಸೀರೆಯ ಜತೆ ಒಂದು ಹುರಿಯನ್ನೂ ಕೊಡುತ್ತಿದ್ದರು. ಆವಿಗೆಯ ಬಾಯಿ ಎಷ್ಟು ಅಗಲವೋ ಹುರಿ ಅಷ್ಟು ಉದ್ದ. ಗಂಡನ ಮನೆಯಲ್ಲೂ ಆವಿಗೆಯನ್ನು ಅದೇ ಅಳತೆಗೆ ಕಟ್ಟಬೇಕು. ಹಾಗಾಗಿ ಅವರ ಹೆಣ್ಣು ಹೋದ ಕಡೆಯೆಲ್ಲ ಆವಿಗೆ ಒಂದೇ ಅಳತೆಯದು.

ಹೆಂಡತಿ ಚೊಚ್ಚಲ ಬಸುರಿ. ಅವಳ ತಮ್ಮ ಬಂದು ತವರಿಗೆ ಕರೆದುಕೊಂಡು ಹೋದ. ದಿನ ತುಂಬುವ ಹೊತ್ತಿಗೆ ನಾನೂ ಬರುತ್ತೇನೆ ಎಂದು ಕುಂಬಾರ ಹೇಳಿ ಕಳಿಸಿದ. ಅಷ್ಟರಲ್ಲಿ ಮೇಲೆಲ್ಲೋ ಮಳೆ ಸುರಿಯಿತು. ಇಲ್ಲಿ ಒಂದು ಹನಿ ಬೀಳಲಿಲ್ಲ, ಹೊಳೆ ಮಾತ್ರ ತುಂಬಿತು. ದಡ ಮೀರಿ ಬಯಲಿನ ಮೇಲೆಲ್ಲ ಹರಡಿತು. ಸಂಜೆಯಾದರೆ ಆಚೆಯ ಆವಿಗೆಗಳ ಕೆಂಪು ನೀರಿನ ಅಂಚಿನಲ್ಲೇ ಕಾಣುತ್ತಿತ್ತು.

ದಿನ ತುಂಬಿತು. ಹೆತ್ತಳೋ ಇಲ್ಲವೋ, ಇದ್ದಾಳೋ ಇಲ್ಲವೋ, ಸುದ್ದಿಯಿಲ್ಲ. ಕುಂಬಾರ ಅಂಬಿಗನ ಹತ್ತಿರ ಹೋದ.

ಅಂಬಿಗ ಹೇಳಿದ: “ಈ ಸೆಳವಿನಲ್ಲಿ ಹರಿಗೋಲು ಅಡ್ಡ ಹೋಗುವುದು ಆರುನೂರು ಮಾರು. ಅಷ್ಟರೊಳಗೆ ದಡ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಕೆಳಗಿನ ಬಂಡೆಗೆ ಹೋಗಿ ಬಡಿಯುತ್ತೇವೆ.”

“ಆಚೆ ದಡ ಎಷ್ಟು ಮಾರು ಅಣ್ಣ?”

“ಬೇಸಿಗೆಯಲ್ಲಿ ಕೇಳಿದ್ದರೆ ಹೇಳುತ್ತಿದ್ದೆ. ಈಗ ದಡ ಎಲ್ಲಿದೆ ಅಂತ ಹೊಳೆಗೇ ಗೊತ್ತಿಲ್ಲ.” ಅಷ್ಟು ಹೇಳಿ ಅಂಬಿಗ ಕೈ ಚಾಚಿದ. “ಅಗೋ, ಆಚೆಯ ಆ ಬೆಂಕಿ ನೋಡು. ಎಷ್ಟು ಬೆಳ್ಳಗೆ ಉರಿಯುತ್ತಿದೆ! ಇಷ್ಟು ಚೆನ್ನಾಗಿ ಕಾಣುವುದು ದೂರ ಇರುತ್ತದೆಯೇ? ಕೂರು, ಹೋಗೋಣ.”

“ಅದು ಹುಲ್ಲಿನ ಬೆಂಕಿ ಅಣ್ಣ. ಒಂದು ಹೊರೆ ಹಾಕಿದ್ದಾರೋ ಹತ್ತು ಹೊರೆ ಹಾಕಿದ್ದಾರೋ, ಯಾರು ಕಂಡರು? ಎರಡು ದಿನ ತಡಿ. ನಾನು ಆವಿಗೆಗಳನ್ನು ನೋಡುತ್ತೇನೆ.”

“ಹೆಂಡತಿ ಹೆರುವ ಹೊತ್ತಿನಲ್ಲಿ ಇವನಿಗೆ ಆವಿಗೆ ನೋಡಬೇಕಂತೆ” ಎಂದು ಅಂಬಿಗ ಗೊಣಗಿದ.

ಕುಂಬಾರ ಮನೆಗೆ ಹೋಗಿ ಹೆಂಡತಿ ಬಿಟ್ಟುಹೋಗಿದ್ದ ಒಂದು ಸೀರೆ ತಂದ. ನೀರಿನ ಅಂಚಿನಲ್ಲಿ, ತನ್ನ ಆವಿಗೆಯ ಪಕ್ಕ ಕೂತ. ಕತ್ತಲಾಗುತ್ತಾ ಬಂತು. ಸೀರೆಯ ಒಂದು ಪದರ ಕಣ್ಣಿಗೆ ಅಡ್ಡ ಹಿಡಿದ. ಆಚೆಯ ಆವಿಗೆಗಳೆಲ್ಲ ಕಂಡವು. ಎರಡು ಪದರ ಹಿಡಿದ. ಆಗ ತಾನೇ ಕೆಂಪೇರಿದವು ಮರೆಯಾದವು. ಮೂರು ಹಿಡಿದ. ಕೆಲವೇ ಉಳಿದವು. ನಾಲ್ಕು ಹಿಡಿದ. ಒಂದೂ ಇಲ್ಲ. ಹುಲ್ಲಿನ ಬೆಂಕಿ ಮಾತ್ರ ಏಳು ಪದರಕ್ಕೂ ಕಂಡಿತು. ಸ್ವಲ್ಪ ಹೊತ್ತಿಗೆ ಅದು ಆರಿಯೂ ಹೋಯಿತು.

ಮಣ್ಣಿನ ಕೆಲಸ ಬಲ್ಲವನಿಗೆ ಅಷ್ಟು ಸಾಕು. ಆವಿಗೆಯ ಬೆಂಕಿ ಏರುತ್ತಾ ಹೋಗುತ್ತದೆ. ಕಪ್ಪು ಕೆಂಪಾಗುತ್ತದೆ, ಕೆಂಪು ತುಂಬುತ್ತದೆ. ಒಂದು ಮಟ್ಟಕ್ಕೆ ಬಂದಾಗ ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಾರೆ. ಮೊದಲೇ ಮುಚ್ಚಿದರೆ ಮಡಕೆ ನೀರಿಗೆ ಕರಗುತ್ತದೆ. ತಡ ಮಾಡಿದರೆ ಸೊಟ್ಟಗಾಗುತ್ತದೆ. ಹೊಸಬ ಹಚ್ಚಲಿ, ಮುದುಕ ಹಚ್ಚಲಿ, ಮುಚ್ಚುವ ಕೆಂಪು ಒಂದೇ. ಅದಕ್ಕಿಂತ ಮೇಲೆ ಯಾವ ಆವಿಗೆಯನ್ನೂ ಬಿಡುವುದಿಲ್ಲ.

ಒಂದೇ ಆವಿಗೆ ನೋಡಿ ನಂಬಬಾರದು ಎಂಬುದೂ ಅವನಿಗೆ ಗೊತ್ತಿತ್ತು. ಅದು ಇನ್ನೂ ಏರುತ್ತಿರಬಹುದು. ಗುಡಿಸಲುಗಳ ನಡುವೆ ಇದ್ದವನ್ನು ಬಿಟ್ಟ. ಅಲ್ಲಿ ಒಲೆಗಳ ಹೊಗೆ ಇತ್ತು, ಹೊಗೆ ಕೆಂಪನ್ನು ನುಂಗುತ್ತದೆ. ಅಂಚಿನಲ್ಲಿ ಒಂಟಿಯಾಗಿ ಇದ್ದವನ್ನು ನೋಡಿದ. ಹಬ್ಬ ಹತ್ತಿರ ಬಂದಿತ್ತು, ಆವಿಗೆಗೆ ಬರವಿರಲಿಲ್ಲ. ಹದಿನೆಂಟು ಎಣಿಸಿದ. ತುಂಬಿದ ಕೆಂಪು ಮೂರು ಪದರ ದಾಟಿ ಬಂತು. ನಾಲ್ಕನ್ನು ಯಾವುದೂ ದಾಟಲಿಲ್ಲ.

ಮಾರನೆಯ ದಿನ ತನ್ನ ಆವಿಗೆ ಹಚ್ಚಿದ. ಸಂಜೆ ಅದೇ ಹೊತ್ತಿಗೆ ಅದು ಮುಚ್ಚುವ ಕೆಂಪಿಗೆ ಬಂತು. ಮುಚ್ಚಲಿಲ್ಲ. ಅಂಬಿಗನನ್ನು ಕರೆದು ಮುಂದೆ ಕೂರಿಸಿದ.

“ಈ ಕೆಂಪು ಇಳಿಯದಂತೆ ಒಂದೊಂದೇ ಸೌದೆ ಹಾಕುತ್ತಿರು. ಹೆಚ್ಚು ಹಾಕಬೇಡ.”

“ನೀರಿನವನನ್ನು ಬೆಂಕಿ ಮುಂದೆ ಕೂರಿಸಿದ ಪುಣ್ಯಾತ್ಮ ನೀನೊಬ್ಬನೇ ಕಣಯ್ಯ” ಎಂದ ಅಂಬಿಗ. ಆದರೂ ಹೇಳಿದ ಹಾಗೆ ಹಾಕಿದ.

ಕುಂಬಾರ ಹೊಳೆಗೆ ಬೆನ್ನು ಮಾಡಿ ಹೊಲದ ಕಡೆ ನೇರ ನಡೆದ. ಆಗಾಗ ನಿಂತು, ತಿರುಗಿ, ನಾಲ್ಕು ಪದರ ಅಡ್ಡ ಹಿಡಿದು ನೋಡಿದ. ಕೆಂಪು ಕಾಣುತ್ತಿತ್ತು. ಹೆಜ್ಜೆ ಲೆಕ್ಕದಲ್ಲಿ ಆರುನೂರು ಮಾರಿನ ಹತ್ತಿರ ಬಂದಾಗ ನಿಂತ. ಇಲ್ಲೇ ಮರೆಯಾಗು ಎಂದು ಬೇಡಿಕೊಂಡ. ಸೀರೆ ಎತ್ತಿ ಹಿಡಿದ. ಕೆಂಪು ಹಾಗೇ ಇತ್ತು. ಐದನೆಯ ಪದರ ಸೇರಿಸಿದರೆ ಮರೆಯಾಗುತ್ತಿತ್ತು. ಅವನು ಸೇರಿಸಲಿಲ್ಲ. ಮುಂದೆ ನಡೆದ.

ಅದು ಮರೆಯಾದ ಜಾಗದಲ್ಲಿ ಒಂದು ಗೂಟ ಹೊಡೆದ. ಬೆಳಿಗ್ಗೆ ಹಗ್ಗ ಹಿಡಿದು ಅಳೆದ. ಸಾವಿರದ ಇನ್ನೂರು ಮಾರು. ಆಚೆ ದಡವೂ ಕಡಿಮೆಯೆಂದರೆ ಅಷ್ಟು ದೂರ.

ಅಂಬಿಗ ಹರಿಗೋಲು ನೀರಿಗಿಳಿಸಿ ಕಾಯುತ್ತಿದ್ದ.

“ಅಣ್ಣ, ಅದನ್ನು ಮೇಲಕ್ಕೆ ಎಳೆದುಬಿಡು” ಎಂದ ಕುಂಬಾರ.

“ಹೋಗುವುದಿಲ್ಲವೇ?”

“ಹೋದರೆ ಅರ್ಧದಲ್ಲಿ ಮುಗಿಯುತ್ತದೆ.”

ಆ ದಿನ ಅವನು ಊಟ ಮಾಡಲಿಲ್ಲ. ಆಮೇಲೆ ಅವನಿಗೆ ಇನ್ನೊಂದು ಯೋಚನೆ ಬಂತು. ಅವಳೂ ಆಚೆಯಿಂದ ನೋಡುತ್ತಿರುತ್ತಾಳೆ. ಅವಳು ಹೊರಟುಬಿಟ್ಟರೆ? ಅಳೆಯಲು ಅವಳಿಗೂ ಒಂದು ಕೆಂಪು ಬೇಕಲ್ಲ.

ಅವನು ಎರಡು ದಿನಕ್ಕೊಮ್ಮೆ ಆವಿಗೆ ಹಚ್ಚತೊಡಗಿದ. ಹಸಿ ಮಡಕೆ ಮುಗಿದವು. ಬರಿದಾದ ಆವಿಗೆ ಹಚ್ಚಬಾರದು ಎಂಬುದು ಅವರ ನೇಮ. ಸುಟ್ಟ ಮಡಕೆಗಳನ್ನೇ ಮತ್ತೆ ಜೋಡಿಸಿ ಹಚ್ಚಿದ.

“ಬೆಂದ ಅನ್ನವನ್ನು ಮತ್ತೆ ಬೇಯಿಸುವವನನ್ನು ಇವತ್ತೇ ನೋಡಿದ್ದು” ಎಂದು ಅಂಬಿಗ ನಕ್ಕ. ಮಾರನೆಯ ದಿನ ತಾನೇ ಒಂದು ಹೊರೆ ಸೌದೆ ತಂದು ಹಾಕಿದ.

ಆಚೆ ದಡದಲ್ಲಿ ಅವಳು ಹೆತ್ತಿದ್ದಳು. ಹೆಣ್ಣು ಕೂಸು. ಗುಡಿಸಲಲ್ಲಿ ರಾಗಿ ಮುಗಿಯುತ್ತಾ ಬಂದಿತ್ತು. ಅವಳ ತಮ್ಮ ಬಿಸಿ ರಕ್ತದವನು.

“ಅಕ್ಕಾ, ಭಾವನ ಆವಿಗೆ ನೋಡು, ಕೈ ಚಾಚಿದರೆ ಸಿಗುವ ಹಾಗಿದೆ. ನಾಳೆ ನಿನ್ನನ್ನೂ ಕೂಸನ್ನೂ ದಾಟಿಸಿಬಿಡುತ್ತೇನೆ.”

“ನಿನ್ನ ಕೈ ಅಷ್ಟು ಉದ್ದ ಆದದ್ದು ಯಾವಾಗಲೋ?” ಎಂದಳು ಅವಳು.

ಸೆರಗು ಮಡಚಿ ಕಣ್ಣಿಗೆ ಹಿಡಿದಳು. ಒಂದು ಸಲ ನೋಡಿ ನಂಬಲಿಲ್ಲ. ನಾಲ್ಕು ಸಲ ಅವನು ಆವಿಗೆ ಹಚ್ಚುವವರೆಗೆ ಕಾದಳು. ನಾಲ್ಕು ಸಲವೂ ಕೆಂಪು ಒಂದೇ ಮಟ್ಟಕ್ಕೆ ಏರಿ ನಿಂತಿತು. ಆಮೇಲೆ ತಮ್ಮನನ್ನು ತವರಿನ ಆವಿಗೆಯ ಮುಂದೆ ಕೂರಿಸಿದಳು. ಕೂಸನ್ನು ತಾಯಿಗೆ ಕೊಟ್ಟು ಬಯಲಿನಲ್ಲಿ ನಡೆದಳು. ಹಸಿ ಬಾಣಂತಿ. ಕೂತು ಕೂತು ನಡೆದಳು. ತಿರುಗಿ ಬಂದವಳೇ ಹೇಳಿದಳು: “ನಿನ್ನ ಹರಿಗೋಲಿಗೆ ಇದು ಎರಡು ಹೊಳೆಯ ಅಗಲ ಕಣೋ. ನೀರು ಇಳಿಯಲಿ.”

ತಮ್ಮ ಹರಿಗೋಲಿನ ಹುಟ್ಟನ್ನು ಎತ್ತಿಟ್ಟ.

ಇಷ್ಟು ಹೇಳಿ ಗುರು ನಿಲ್ಲಿಸಿದರು. ನೀರು ಕುಡಿದರು.

“ಮುದಿ ನಕ್ಷತ್ರವೂ ಹಾಗೇ ಮಾದಯ್ಯ. ವಯಸ್ಸಾದಂತೆ ಉಬ್ಬುತ್ತದೆ, ಕೆಂಪಾಗುತ್ತದೆ, ಅದರ ಬೆಳಕು ಏರುತ್ತದೆ. ಓದಿದವರು ಅದನ್ನು ಕೆಂಪು ದೈತ್ಯ ಅನ್ನುತ್ತಾರೆ. ಒಂದು ಮಟ್ಟ ಮುಟ್ಟಿದಾಗ ಅದರ ಒಡಲಲ್ಲಿ ಹೊಸ ಉರಿ ಹತ್ತುತ್ತದೆ, ಹೊರಗಿನ ಬೆಳಕು ಇಳಿದುಬಿಡುತ್ತದೆ. ಆ ಮಟ್ಟ ಇಲ್ಲಿಯ ನಕ್ಷತ್ರಕ್ಕೂ ಅಲ್ಲಿಯ ನಕ್ಷತ್ರಕ್ಕೂ ಹೆಚ್ಚುಕಡಿಮೆ ಒಂದೇ. ಹತ್ತಿರದವನ್ನು ಬೇರೆ ದಾರಿಯಿಂದ ಅಳೆದು ಇಟ್ಟುಕೊಂಡಿದ್ದಾರೆ. ದೂರದ ಗೆಲಾಕ್ಸಿಯ ಅಂಚಿನಲ್ಲಿ, ಧೂಳು ಇಲ್ಲದ ಕಡೆ, ಸಾವಿರಾರು ಕೆಂಪು ನಕ್ಷತ್ರ ನೋಡುತ್ತಾರೆ. ಬೆಳ್ಳಗೆ ಉರಿಯುವ ಎಳೆಯವನ್ನು ಬಿಡುತ್ತಾರೆ. ಕೆಂಪು ಎಲ್ಲಿಗೆ ಏರಿ ನಿಲ್ಲುತ್ತದೆ, ಅದು ನಮಗೆ ಎಷ್ಟು ಮಂಕಾಗಿ ಕಾಣುತ್ತದೆ, ಅಷ್ಟು ಸಿಕ್ಕರೆ ದೂರ ಸಿಕ್ಕಿತು. ಹೋಗಿ ಬರಬೇಕಾಗಿಲ್ಲ.”

ಅಳತೆಯ ಮಾತು ಮಾದಯ್ಯನಿಗೆ ಒಪ್ಪಿಗೆಯಾಯಿತು. ಕತೆ ಒಪ್ಪಿಗೆಯಾಗಲಿಲ್ಲ.

“ಆದರೆ ಬುದ್ಧಿ, ಇಬ್ಬರೂ ಅಷ್ಟು ಕಷ್ಟಪಟ್ಟು ಅಳೆದರಲ್ಲ. ಅಳೆದದ್ದರಿಂದ ಅವರ ನಡುವಿನ ದೂರ ಒಂದು ಗೇಣಾದರೂ ಕಡಿಮೆಯಾಯಿತೇ?”

ಗುರು ಉತ್ತರ ಹೇಳಿದರು.

“ಕಡಿಮೆಯಾಗಲಿಲ್ಲ. ಆದರೆ ನೀರು ಇಳಿದ ದಿನ ದಾಟುವುದಕ್ಕೆ ಇಬ್ಬರೂ ಬದುಕಿದ್ದರು.”