ಸೀರೆಯ ಕೊನೆಯ ತುಂಡು

ಪ್ರತಿ ವರ್ಗಾವಣೆಯಲ್ಲೂ ಆ ಮನೆಯ ಗಾಜು, ಪಿಂಗಾಣಿಯನ್ನು ಸುತ್ತಿ ಸುತ್ತಿ ಹಳೆಯ ನೂಲಿನ ಸೀರೆಗೆ ಸಾಕುಸಾಕಾಗಿತ್ತು. ಹರಿದು ಹರಿದು ಈಗ ಒಂದೇ ವಸ್ತುವಿಗೆ ಸಾಲುವಷ್ಟು ತುಂಡು ಉಳಿದಿತ್ತು. ಮನೆಯೊಡತಿ ಸಾಮಾನನ್ನೆಲ್ಲ ಪೆಟ್ಟಿಗೆಯ ಹುಲ್ಲಿನೊಳಗೆ ಇಳಿಸಿ, ಸೀರೆಯನ್ನು ಮೇಲೆ ಹಾಕಿ, ಹಗ್ಗ ತರಲು ಹೋದಳು. ಹೊರಗೆ ಲಾರಿ ಕಾಯುತ್ತಿತ್ತು.

"ನನ್ನ ಅಂಚು ತೆಳು, ನನ್ನನ್ನು ಸುತ್ತು," ಎಂದಿತು ಪಿಂಗಾಣಿ ಬಟ್ಟಲು.

"ನನ್ನ ಕೊಕ್ಕು ಅದಕ್ಕಿಂತ ತೆಳು," ಎಂದಿತು ಗಾಜಿನ ಗಿಳಿ.

"ನನಗೆ ಆಗಲೇ ಬಿರುಕಿದೆ," ಎಂದು ಹೂದಾನಿ ಗೋಗರೆಯಿತು.

ಪೆಟ್ಟಿಗೆಯ ಮೂಲೆಯಲ್ಲಿದ್ದ ಹಿತ್ತಾಳೆಯ ಕುಟ್ಟಾಣಿ ನಕ್ಕಿತು. "ನನಗೆ ಯಾರ ಹಂಗೂ ಬೇಡ. ಲಾರಿಯಿಂದ ಬಿದ್ದರೂ ಹೀಗೇ ಇರುತ್ತೇನೆ."

ಸೀರೆ ಎಲ್ಲರ ಮಾತನ್ನೂ ಕೇಳಿತು. ಆಮೇಲೆ ಮೆಲ್ಲಗೆ ಜಾರಿ, ಕುಟ್ಟಾಣಿಯನ್ನೇ ಬಿಗಿಯಾಗಿ ಸುತ್ತಿಕೊಂಡಿತು.

"ಗಟ್ಟಿಗನನ್ನೇ ಓಲೈಸುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?" ಎಂದು ಬಟ್ಟಲು ಕೂಗಾಡಿತು.

ರಸ್ತೆಯಲ್ಲಿ ಗುಂಡಿ ಸಿಕ್ಕಾಗಲೆಲ್ಲ ಕುಟ್ಟಾಣಿ ಒಬ್ಬರಲ್ಲ ಒಬ್ಬರ ಮೇಲೆ ಉರುಳಿತು. ಪ್ರತಿ ಪೆಟ್ಟೂ ನಡುವೆ ಇದ್ದ ಸೀರೆಯ ಮೈಗೆ ಬಿತ್ತು. ಹೊಸ ಊರಿನಲ್ಲಿ ಪೆಟ್ಟಿಗೆ ತೆರೆದಾಗ ಯಾವುದೂ ಒಡೆದಿರಲಿಲ್ಲ. ಸೀರೆ ಮಾತ್ರ ಜರಡಿಯಾಗಿತ್ತು.

"ಯಾರಿಗೆ ಮರ್ಯಾದೆ ಕೊಡಬೇಕೆಂದು ಸೀರೆಗೆ ಗೊತ್ತು," ಎಂದು ಕುಟ್ಟಾಣಿ ಬೀಗಿತು. ಕಪಾಟು ಸೇರಿದ ಮೂವರೂ ಸೀರೆಯನ್ನು ಬೈಯುತ್ತಲೇ ಇದ್ದರು.

ನೆಲ ಒರೆಸುವ ಬಟ್ಟೆಗಳ ಜೊತೆ ಬಿದ್ದಿದ್ದ ಸೀರೆ ವಿವರಿಸಲು ಹೊರಟು, ಆಯಾಸವಾಗಿ ಮತ್ತೆ ಮಲಗಿತು. ಬೈಯುವ ದನಿಗಳನ್ನು ಮಲಗಿದಲ್ಲಿಂದಲೇ ಒಂದೊಂದಾಗಿ ಗುರುತು ಹಿಡಿಯಿತು: ಬಟ್ಟಲು, ಗಿಳಿ, ಹೂದಾನಿ. ಮೂರರಲ್ಲಿ ಒಂದು ದನಿಯೂ ಕಡಿಮೆ ಇರಲಿಲ್ಲ.