ನಿಂತವ್ವನಕಟ್ಟೆ

ಮುದೇನಹಾಳ ನಗರದ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕೆಂಪು ಕಲ್ಲಿನ ದೊಡ್ಡ ರಂಗಮಂದಿರ. ನಿಲ್ದಾಣದ ಮೆಟ್ಟಿಲಿಗೂ ಅದರ ಬಾಗಿಲಿಗೂ ನಡುವೆ ಒಂದು ಹಳೆಯ ಬೇವಿನ ಮರ, ಅದರ ಸುತ್ತ ಕಟ್ಟೆ, ಅಷ್ಟೇ. ಆ ಬಡಾವಣೆಗೆಲ್ಲ ನಿಂತವ್ವನಕಟ್ಟೆ ಎಂದು ಹೆಸರು. ಹೊಸಬರು ಯಾವುದೋ ಗ್ರಾಮದೇವತೆಯ ಹೆಸರಿರಬೇಕೆಂದು ಗುಡಿ ಹುಡುಕುತ್ತಾರೆ. ಗುಡಿಯಿಲ್ಲ. ನಿಂತವ್ವ ಕಥೆಯ ಹಾಡು ಹೇಳುವ ಹೆಂಗಸು. ಹೆತ್ತವರು ಇಟ್ಟ ಹೆಸರು ಫಕೀರವ್ವ.

ಹಿಂದೆ ಒಮ್ಮೆ, ಊರಿಗೆ ರೈಲು ಬಂದು ಹದಿನೈದು ವರ್ಷವಾಗಿದ್ದ ಕಾಲದಲ್ಲಿ, ಸಂಗನಬಸಪ್ಪ ದೇಸಾಯರು ಆಟಕ್ಕೂ ಹಾಡಿಗೂ ಸುತ್ತಿನ ಸೀಮೆಯಲ್ಲೇ ಇಲ್ಲದಂಥ ಒಂದು ಮಂದಿರ ಕಟ್ಟಿಸಲು ಮನಸ್ಸು ಮಾಡಿದರು ಎನ್ನುತ್ತಾರೆ. ಗುಡ್ಡದ ಮೇಲೆ, ತಮ್ಮ ವಾಡೆಯ ಮಗ್ಗುಲಲ್ಲಿ ಜಾಗವೂ ಗೊತ್ತಾಗಿತ್ತು. ಫಕೀರವ್ವನಿಗೆ ಮಾತ್ರ ಅದು ಸರಿಬರಲಿಲ್ಲ. ವಾಡೆಯ ಅಂಗಳದಲ್ಲಿ ಹನ್ನೆರಡು ವರ್ಷ ಹಾಡಿದವಳು ಆಕೆ. ಹಳ್ಳಿಗಳಿಂದ ರೈಲಿನಲ್ಲಿ ಬಂದವರು, ಊರಿಗೆ ಮರಳುವ ಗಾಡಿ ತಪ್ಪೀತೆಂದು ಕಥೆ ಮುಗಿಯುವ ಮೊದಲೇ ಎದ್ದು ಗುಡ್ಡ ಇಳಿದು ಓಡುವುದನ್ನು ಪ್ರತಿ ಸಲವೂ ಕಂಡಿದ್ದಳು. ಕೊನೆಗೆ ಎದುರಿಗೆ ಉಳಿಯುತ್ತಿದ್ದವರು ವಾಡೆಯ ನೆಂಟರಷ್ಟೇ. "ಧಣ್ಯಾರ, ನನ್ನ ಹಾಡು ಕೇಳೋ ಮಂದಿ ಸ್ಟೇಷನ್ನಿನ್ಯಾಗ ಇಳೀತಾರ್ರಿ. ಮಂದಿರ ಅಲ್ಲೇ ಆಗ್ಲಿ," ಎಂದು ಹೋಗಿ ಹೇಳಿಯೇಬಿಟ್ಟಳು. ದೇಸಾಯರು ಸಿಟ್ಟಾಗಲಿಲ್ಲ, ಗಾಡಿಯ ಸದ್ದಿನಲ್ಲಿ ಹಾಡು ಉಳಿಯುವುದಿಲ್ಲವೆಂದರು. ಬೇಕಾದರೆ ಬೇವಿನಕಟ್ಟೆಯ ಮೇಲೆ ಹಾಡಿ ತೋರಿಸಲಿ, ಗಾಡಿ ಬಂದಾಗ ಮಂದಿ ಚದುರಿದರೆ ಮತ್ತೆ ಆ ಮಾತೆತ್ತಬಾರದು, ವಾಡೆಯಲ್ಲಿ ಹಾಡಲೂಬಾರದು ಎಂದು ಕರಾರು ಹಾಕಿದರು. ಫಕೀರವ್ವ ಒಪ್ಪಿದಳು.

ಗೊತ್ತಾದ ದಿನ ದೇಸಾಯರು ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಸಂಜೆಯ ಗಾಡಿ ಸೀಟಿ ಹೊಡೆದಾಗ ಆಕೆ ಕಥೆಯ ನಟ್ಟನಡುವೆ ಇದ್ದಳು. ಕಾಡಿನಲ್ಲಿ ಕೂಸು ಕಳೆದುಕೊಂಡ ತಾಯಿ ಅದರ ಹೆಸರು ಹಿಡಿದು ಕೂಗುವ ಸಾಲು ಅದು. ಇಂಜಿನ್ನಿಗಿಂತ ಮೇಲೆ ದನಿ ಏರಿಸಿಯೇನು ಎಂದುಕೊಂಡಿದ್ದವಳಿಗೆ, ಅದು ತಾನು ಗೆಲ್ಲುವ ಜಗಳವಲ್ಲವೆಂದು ಆಗ ಹೊಳೆಯಿತು. ಕೂಗುವ ತಾಯಿಯಂತೆ ಕೈ ಮೇಲೆತ್ತಿದವಳು ಅರ್ಧ ಸಾಲಿನಲ್ಲೇ ನಿಂತುಬಿಟ್ಟಳು. ಕಣ್ಣನ್ನು ಜನರ ಮೇಲಿಂದ ಕದಲಿಸಲಿಲ್ಲ. ಹೊಗೆ ಮರವನ್ನೆಲ್ಲ ಮುಚ್ಚಿತು. ಯಾರೂ ಏಳಲಿಲ್ಲ. ಕೂಸು ಸಿಕ್ಕಿತೋ ಇಲ್ಲವೋ ತಿಳಿಯದೆ ಏಳುವುದಾದರೂ ಹೇಗೆ? ಗಾಡಿಯಿಂದ ಇಳಿದವರು, ಅಷ್ಟು ಮಂದಿ ಉಸಿರು ಬಿಗಿಹಿಡಿದು ಕೂತದ್ದನ್ನು ಕಂಡು, ಬುಟ್ಟಿ ಗಂಟುಗಳೊಡನೆ ತಾವೂ ಬಂದು ಕೂತರು. ಸದ್ದು ಅಡಗಿದ ಮೇಲೆ ಫಕೀರವ್ವ ಬಿಟ್ಟ ಅಕ್ಷರದಿಂದಲೇ ಎತ್ತಿಕೊಂಡಳು. ತಾಯಿಗೆ ಕೂಸು ಸಿಗುವ ಹೊತ್ತಿಗೆ ಕೇಳುವವರು ಇಮ್ಮಡಿಯಾಗಿದ್ದರು. "ನಾ ನಿಂತ್ನಿ, ಮಂದೀನೂ ನಿಂತ್ರು," ಎಂದಷ್ಟೇ ಆಕೆ ದೇಸಾಯರಿಗೆ ಹೇಳಿದಳಂತೆ. ದೇಸಾಯರು ಎದ್ದು, ತಮ್ಮ ಕುರ್ಚಿ ಇದ್ದ ಜಾಗದಲ್ಲೇ ಪಾಯದ ಗೂಟ ಹೊಡೆಯಲು ಹೇಳಿದರು. ಅಂದು ಕಣ್ಣಾರೆ ಕಂಡ ಜನ ಆಕೆಯನ್ನು ನಿಂತವ್ವ ಎಂದರು. ಹೆಸರು ಕಟ್ಟೆಗೂ ಅಂಟಿತು, ಬಡಾವಣೆಗೂ ಹರಡಿತು.

ಈಚೆಗೆ ಮಂದಿರ ದುರಸ್ತಿಯಾದಾಗ, ರೈಲಿನ ಸದ್ದು ಒಳಬರದಂತೆ ದಪ್ಪ ಗಾಜು ಕೂರಿಸೋಣವೆಂದು ಇಂಜಿನಿಯರರು ಸೂಚಿಸಿದರು. ಊರವರು ಬೇಡವೆಂದರು. ಇಂದಿಗೂ ಸಂಜೆಯ ಗಾಡಿ ಬಂದಾಗ ಎಂಥ ದೊಡ್ಡ ಕಲಾವಿದರಾದರೂ ಇಲ್ಲಿ ಮಾತಿನ ನಡುವೆಯೇ ತಡೆದು ನಿಲ್ಲುತ್ತಾರೆ. ನಿಲ್ದಾಣದ ಕಡೆಯ ಬಾಗಿಲು ತೆರೆಯುತ್ತದೆ. ಇಳಿದು ಬಂದವರಿಗೆ, ಮೊದಲೇ ಕೂತವರು ಒತ್ತಿಕೊಂಡು ಕೂತು ಜಾಗ ಮಾಡಿಕೊಡುತ್ತಾರೆ. ಆಮೇಲೆ ಆಟ ಮುಂದುವರಿಯುತ್ತದೆ.